ಮನೆ ವಿಡಿಯೊಗಳ ಪರಿವರ್ತನೆ

ಮದುವೆ, ನಾಮಕರಣ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮನೆಯವರೋ ಬಾಡಿಗೆಯ ಕ್ಯಾಮೆರಾದವರೋ ಹಿಡಿದ ವಿಡಿಯೊವನ್ನು ಇಂದಿನ ಸಾಧನಗಳಲ್ಲಿ ಓಡುವ ಮಾದರಿಗೆ, ಬೇಕಿದ್ದರೆ ಬೇರೆ ರೆಸಲ್ಯೂಶನ್‌ಗೆ ತರುವ ಕೆಲಸ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ, ಸಿಡಿಯಿಂದ ಪೆನ್‌ಡ್ರೈವ್‌ಗೆ, ಫೋನಿನಿಂದ ಟಿವಿಗೆ ಚಿತ್ರ ಸಾಗಿಸುವುದೆಲ್ಲ ಇದರೊಳಗೆ ಬರುತ್ತದೆ. ಚಿತ್ರವನ್ನು ಹೊಸದಾಗಿ ಸಂಕೋಚಿಸಿದಾಗಲೆಲ್ಲ ಅದರಲ್ಲಿ ಸ್ವಲ್ಪ ಸವೆಯುತ್ತದೆ. ಸವೆದದ್ದು ಮುಂದೆ ಯಾವ ತಂತ್ರಾಂಶದಿಂದಲೂ ಮರಳಿ ಬರುವುದಿಲ್ಲ. ಹಾಗಾಗಿ ಯಾವ ಪ್ರತಿಯಿಂದ ಕೆಲಸ ಶುರುವಾಗುತ್ತದೆ, ಎಷ್ಟು ಸಲ ನಡೆಯುತ್ತದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಯಾವ ತಂತ್ರಾಂಶ ಎಂಬುದು ಆಮೇಲಿನ ಮಾತು.

ಪಶ್ಚಿಮ ಬೆಂಗಳೂರಿನ ಮೂಡಲಪಾಳ್ಯದಂಥ ಕಡೆ ಈ ವಿಷಯದ ಎಲ್ಲ ಹಂತಗಳೂ ಒಂದೇ ಮನೆಯಲ್ಲಿ ಕಾಣಸಿಗುತ್ತವೆ. ವಿಜಯನಗರ, ಚಂದ್ರಾ ಲೇಔಟ್, ನಾಗರಬಾವಿಗಳ ನಡುವಿನ ಈ ಹಳೆಯ ಪಾಳ್ಯದಲ್ಲಿ ಮೂರು ತಲೆಮಾರಿನಿಂದ ಬಾಳುತ್ತಿರುವ ಕುಟುಂಬವೊಂದರ ಬೀರು ತೆಗೆದರೆ ಅಪ್ಪ ಅಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟು, ಮಗನ ನಾಮಕರಣದ ವಿಸಿಡಿ, ಮಗಳ ಮದುವೆಯ ಡಿವಿಡಿ ಒಟ್ಟಿಗೆ ಸಿಗುವುದು ಅಪರೂಪವಲ್ಲ. ಮೊಮ್ಮಗು ಮೊದಲ ಹೆಜ್ಜೆ ಇಟ್ಟದ್ದು ಫೋನಿನಲ್ಲಿರುತ್ತದೆ. ಇವೆಲ್ಲವನ್ನೂ ಓಡಿಸಬಲ್ಲ ಒಂದೇ ಯಂತ್ರ ಆ ಮನೆಯಲ್ಲಿರುವುದಿಲ್ಲ. ಕ್ಯಾಸೆಟ್ಟು ಓಡಿಸುವ ವಿಸಿಆರ್ ಎಂದೋ ಗುಜರಿಗೆ ಹೋಗಿರುತ್ತದೆ.

ಒಂದು ಫೈಲಿನೊಳಗಿನ ಮೂರು ಸಂಗತಿಗಳು

ಸ್ಟುಡಿಯೊಗೆ ಹೋಗಿ ‘ಎಂಪಿ4 ಮಾಡಿಕೊಡಿ’ ಎಂದಾಗ ಮೂರು ಬೇರೆ ಬೇರೆ ಸಂಗತಿಗಳು ಆ ಒಂದೇ ಮಾತಿನಲ್ಲಿ ಸೇರಿಕೊಂಡಿರುತ್ತವೆ. ಎಂಪಿ4, ಎವಿಐ, ಎಂಒವಿ, ಎಂಕೆವಿ ಎಂಬುವು ಕಂಟೇನರ್‌ಗಳು, ಅಂದರೆ ಚಿತ್ರ ಮತ್ತು ಧ್ವನಿಯನ್ನು ಒಟ್ಟಿಗೆ ತುಂಬಿಡುವ ಡಬ್ಬಿಗಳು. ಒಳಗಿನ ಚಿತ್ರವನ್ನು ಸಂಕೋಚಿಸಿದ ವಿಧಾನ ಕೋಡೆಕ್: ಎಂಪೆಗ್-1, ಎಂಪೆಗ್-2, 2003ರಲ್ಲಿ ಬಂದ ಎಚ್.264, 2013ರಲ್ಲಿ ಬಂದ ಎಚ್.265 ಅಥವಾ ಎಚ್‌ಇವಿಸಿ. ಮೂರನೆಯದು ರೆಸಲ್ಯೂಶನ್, ಅಂದರೆ ಚಿತ್ರದ ಅಗಲ ಎತ್ತರದಲ್ಲಿ ಎಷ್ಟೆಷ್ಟು ಪಿಕ್ಸೆಲ್‌ಗಳಿವೆ ಎಂಬ ಲೆಕ್ಕ. ಟಿವಿಯಲ್ಲಿ ಫೈಲು ಓಡದಿರುವುದಕ್ಕೆ ಈ ಮೂರರಲ್ಲಿ ಯಾವುದಾದರೊಂದು ಕಾರಣವಿರಬಹುದು. ಡಬ್ಬಿಯೊಂದೇ ತೊಡಕಾಗಿದ್ದರೆ ಒಳಗಿನದನ್ನು ಮುಟ್ಟದೆ ಬೇರೆ ಡಬ್ಬಿಗೆ ವರ್ಗಾಯಿಸಬಹುದು. ಒಂದು ಗಂಟೆಯ ಫೈಲಿಗೂ ಅರೆ ನಿಮಿಷ ಸಾಕು, ಗುಣಮಟ್ಟ ಎಳ್ಳಷ್ಟೂ ಕಡಿಮೆಯಾಗದು. ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ‘ಕಾಪಿ’ ಎಂಬ ಆಯ್ಕೆ ಇರುವುದು ಇದಕ್ಕೇ. ಇಷ್ಟರಲ್ಲಿ ಮುಗಿಯುವ ಕೆಲಸಕ್ಕೂ ಇಡೀ ವಿಡಿಯೊವನ್ನು ಹೊಸದಾಗಿ ಸಂಕೋಚಿಸಿ, ರೆಸಲ್ಯೂಶನ್ನನ್ನೂ ಇಳಿಸಿ ಕೊಡುವ ರೂಢಿ ಅಂಗಡಿಗಳಲ್ಲೂ ಮನೆಗಳಲ್ಲೂ ಇದೆ. ಮನೆ ವಿಡಿಯೊಗಳು ಕೆಡುವುದು ಹೆಚ್ಚಾಗಿ ಹೀಗೆ.

ಕ್ಯಾಸೆಟ್ಟಿನ ಕಾಲ

ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ಟನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ಭಾರತದಲ್ಲಿ 1982ರಲ್ಲಿ ದೂರದರ್ಶನದ ಬಣ್ಣದ ಪ್ರಸಾರ ಶುರುವಾಗಿ, ಅದೇ ವರ್ಷ ದಿಲ್ಲಿಯ ಏಷ್ಯನ್ ಕ್ರೀಡಾಕೂಟ ನಡೆದ ಮೇಲೆ ಬಣ್ಣದ ಟಿವಿಯ ಜೊತೆಗೆ ವಿಸಿಆರ್ ಕೂಡ ಮನೆಗಳಿಗೆ ಬರತೊಡಗಿತು. ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವ ವಿಡಿಯೊ ಲೈಬ್ರರಿಗಳು ಬೀದಿಗೊಂದರಂತೆ ತೆರೆದವು. ಮದುವೆಗೆ ಫೋಟೊದವರ ಜೊತೆ ‘ವಿಡಿಯೊ ಕವರೇಜ್’ ಮಾಡಿಸುವುದು ಆ ದಶಕದ ಕೊನೆಯ ಹೊತ್ತಿಗೆ ಅಂತಸ್ತಿನ ಸಂಗತಿಯಾಗಿ, ತೊಂಬತ್ತರ ದಶಕದಲ್ಲಿ ಸಾಮಾನ್ಯ ರೂಢಿಯಾಯಿತು. ಹೆಗಲ ಮೇಲಿಟ್ಟು ಹಿಡಿಯುವ ಪ್ಯಾನಸೋನಿಕ್ ಕ್ಯಾಮೆರಾ, ಕಣ್ಣು ಕುಕ್ಕುವ ಹ್ಯಾಲೊಜೆನ್ ದೀಪ, ಅದರ ವೈರು ಹಿಡಿದು ಹಿಂದೆಯೇ ಓಡಾಡುವ ಹುಡುಗ: ಕಲ್ಯಾಣ ಮಂಟಪದ ಈ ನೋಟ ಆ ಕಾಲದವರಿಗೆಲ್ಲ ಗೊತ್ತು.

ನಮ್ಮ ಕ್ಯಾಸೆಟ್ಟುಗಳು ಪಾಲ್ ಪದ್ಧತಿಯವು. ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚೌಕಟ್ಟು. ಒಂದೊಂದು ಚೌಕಟ್ಟೂ ಎರಡು ಫೀಲ್ಡ್‌ಗಳಾಗಿ ಬರುತ್ತದೆ: ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು. ಅಲ್ಲಿಗೆ ಸೆಕೆಂಡಿಗೆ 50 ಫೀಲ್ಡ್ ಆಯಿತು. ವಿಎಚ್‌ಎಸ್ ಅಡ್ಡಡ್ಡಲಾಗಿ ಹಿಡಿಯಬಲ್ಲ ವಿವರ ಸುಮಾರು 240 ಗೆರೆಗಳಷ್ಟೇ. ಇ-180 ಎಂದು ಬರೆದಿರುವ ಕ್ಯಾಸೆಟ್ಟು ಮೂರು ಗಂಟೆ ಓಡುತ್ತದೆ. ಇಷ್ಟು ಗೊತ್ತಿದ್ದರೆ ಅದನ್ನು ಡಿಜಿಟಲ್ ಮಾಡುವಾಗ ಏನು ಬೇಕು, ಏನು ಬೇಡ ಎಂಬುದು ತಾನಾಗಿ ತಿಳಿಯುತ್ತದೆ. ಡಿಜಿಟಲ್ ಪಾಲ್‌ನ ಅಳತೆ 720×576. ವಿಎಚ್‌ಎಸ್‌ನಲ್ಲಿರುವುದೆಲ್ಲ ಅದರಲ್ಲಿ ಹಿಡಿಸಿ ಜಾಗ ಉಳಿಯುತ್ತದೆ. ಕ್ಯಾಸೆಟ್ಟಿನಿಂದ ತೆಗೆಯುವಾಗಲೇ 1080ಕ್ಕೆ ಏರಿಸುವುದರಿಂದ ಯಾವ ಲಾಭವೂ ಇಲ್ಲ.

ಕ್ಯಾಸೆಟ್ಟಿಗೆ ಅಂಟುವ ದೊಡ್ಡ ಕಾಯಿಲೆ ಬೂಷ್ಟು. ಬೆಂಗಳೂರಿನ ಮಳೆಗಾಲಗಳನ್ನು ಬೀರುವಿನ ತಳದಲ್ಲಿ ಕಳೆದ ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿದರೆ ಸುರುಳಿಯ ಅಂಚಿಗೆ ಬಿಳಿ ಪುಡಿ ಕಾಣುತ್ತದೆ. ಅಂಥದನ್ನು ನೇರವಾಗಿ ವಿಸಿಆರ್‌ಗೆ ಹಾಕಲೇಬಾರದು. ಬೂಷ್ಟು ಹೆಡ್ಡಿಗೆ ಅಂಟಿ ಚಿತ್ರ ಮಸುಕಾಗುತ್ತದೆ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ, ಟೇಪೇ ಹರಿಯಲೂಬಹುದು. ಮೊದಲು ಸ್ವಚ್ಛಗೊಳಿಸಬೇಕು, ಅದೂ ಬಲ್ಲವರ ಕೈಯಿಂದ. ಕ್ಯಾಸೆಟ್ಟು ಚೆನ್ನಾಗಿದ್ದರೂ ಎರಡು ಕೆಲಸ ಮರೆಯಬಾರದು: ಅದರ ಬೆನ್ನಿನ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ನಾಲಗೆ ಇನ್ನೂ ಮುರಿಯದಿದ್ದರೆ ಮುರಿದುಬಿಡಬೇಕು, ಆಗ ಅಪ್ಪಿತಪ್ಪಿ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ, ವರ್ಷಗಟ್ಟಲೆ ಸುತ್ತಿದಂತೆಯೇ ಕೂತ ಟೇಪನ್ನು ಒಮ್ಮೆ ಕೊನೆತನಕ ಓಡಿಸಿ ಹಿಂದಕ್ಕೆ ಸುತ್ತಿಕೊಳ್ಳಬೇಕು.

ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಓಡುತ್ತಿರುವುದೆಲ್ಲ ಹಳೆಯ ಯಂತ್ರಗಳು, ಅವನ್ನು ರಿಪೇರಿ ಮಾಡಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಮದುವೆ ಕ್ಯಾಸೆಟ್ಟನ್ನು ‘ಇನ್ನೊಮ್ಮೆ ನೋಡೋಣ’ ಎಂದು ಮುಂದೂಡುವ ಮನೆಗಳಿಗೆ ಕಾಲ ಉಳಿದಿಲ್ಲ ಎಂದು ಒತ್ತಿ ಹೇಳಬೇಕಾದ್ದು ಇದರಿಂದಲೇ.

ವಿಸಿಆರ್‌ನಿಂದ ಕಂಪ್ಯೂಟರಿಗೆ ಚಿತ್ರ ತರಲು ಕ್ಯಾಪ್ಚರ್ ಸಾಧನ ಬೇಕು. ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಅಗ್ಗದ ಯುಎಸ್‌ಬಿ ಕಡ್ಡಿಗಳೂ ದುಬಾರಿ ಪೆಟ್ಟಿಗೆಗಳೂ ಇವೆ. ಹಳೆಯ ಟೇಪಿನ ಸಂಕೇತ ನಡುಗುತ್ತಿರುತ್ತದೆ. ಅಗ್ಗದ ಕಡ್ಡಿ ಆ ನಡುಕವನ್ನು ತಾಳದೆ ಚೌಕಟ್ಟುಗಳನ್ನು ಬಿಟ್ಟುಬಿಡುತ್ತದೆ, ಆಗ ಮಾತಿಗೂ ತುಟಿಗೂ ತಾಳ ತಪ್ಪುತ್ತದೆ. ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನವೋ, ಅದನ್ನು ಒಳಗೇ ಇಟ್ಟುಕೊಂಡಿರುವ ಎಸ್-ವಿಎಚ್‌ಎಸ್ ಯಂತ್ರವೋ ಈ ನಡುಕವನ್ನು ಸರಿಪಡಿಸುತ್ತದೆ. ಮೂರು ಗಂಟೆಯ ಕ್ಯಾಸೆಟ್ಟು ಮೂರು ಗಂಟೆಯೇ ಓಡಬೇಕು, ಬೇಗ ಮುಗಿಸುವ ಉಪಾಯವಿಲ್ಲ. ಸ್ವಲ್ಪವೂ ಸಂಕೋಚಿಸದೆ ಹಿಡಿದರೆ ಗಂಟೆಗೆ ಸುಮಾರು 75 ಗಿಗಾಬೈಟ್. ನಷ್ಟವಿಲ್ಲದ ಸಂಕೋಚನದಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ಡಿವಿ ವಿಧಾನದಲ್ಲಿ ಗಂಟೆಗೆ 13 ಗಿಗಾಬೈಟ್. ಹೀಗೆ ಹಿಡಿದದ್ದೇ ಮೂಲಪ್ರತಿ. ಹಂಚುವ ಚಿಕ್ಕ ಫೈಲನ್ನು ಅದರಿಂದ ಆಮೇಲೆ ಮಾಡಿಕೊಳ್ಳಬಹುದು.

ಫೀಲ್ಡ್‌ಗಳ ವಿಷಯ ಮತ್ತೆ ಎದುರಾಗುವುದು ಇಲ್ಲಿಯೇ. ಹಳೆಯ ಟಿವಿ ಬೆಸ ಸಮ ಗೆರೆಗಳನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು. ಕಂಪ್ಯೂಟರ್ ಪರದೆ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಆರತಿ ಎತ್ತುವ ಕೈ ಅಲುಗಿದೊಡನೆ ಅದರ ಅಂಚು ಬಾಚಣಿಗೆಯ ಹಲ್ಲಿನಂತೆ ಒಡೆದು ಕಾಣುವುದು ಇದರಿಂದ. ಇದನ್ನು ಸರಿಪಡಿಸುವ ಕ್ರಮಕ್ಕೆ ಡಿಇಂಟರ್ಲೇಸಿಂಗ್ ಎನ್ನುತ್ತಾರೆ. ಎರಡರಲ್ಲಿ ಒಂದು ಫೀಲ್ಡನ್ನು ಎಸೆದು 25 ಚೌಕಟ್ಟು ಉಳಿಸಿಕೊಂಡರೆ ಚಲನೆಯ ಅರ್ಧ ಹೋಯಿತು. ಒಂದೊಂದು ಫೀಲ್ಡಿನಿಂದಲೂ ಒಂದೊಂದು ಚೌಕಟ್ಟು ಕಟ್ಟಿ ಸೆಕೆಂಡಿಗೆ 50 ಮಾಡಿದರೆ ಅಂದಿನ ಟಿವಿಯಲ್ಲಿ ಕಂಡ ನಯವಾದ ಚಲನೆ ಉಳಿಯುತ್ತದೆ. ಯಾವ ಫೀಲ್ಡು ಮೊದಲು ಎಂಬುದನ್ನು ತಪ್ಪಾಗಿ ಹೇಳಿದರೆ ಮಾತ್ರ ಚಿತ್ರ ಹಿಂದುಮುಂದು ಕುಲುಕುತ್ತದೆ. ಪಾಲ್ ಡಿವಿಯಲ್ಲಿ ಕೆಳಗಿನ ಫೀಲ್ಡು ಮೊದಲು; ಹೆಚ್ಚಿನ ಕ್ಯಾಪ್ಚರ್ ಸಾಧನಗಳಲ್ಲಿ ಮೇಲಿನದು ಮೊದಲು. ಇದನ್ನೆಲ್ಲ ಮಾಡಬೇಕಾದ್ದು ಹಂಚುವ ಪ್ರತಿಗೆ. ಮೂಲಪ್ರತಿಯನ್ನು ಇದ್ದಂತೆಯೇ ಬಿಡಬೇಕು.

ಮನೆಮಂದಿಯೇ ಹಿಡಿದ ವಿಡಿಯೊ ಚಿಕ್ಕ ಕ್ಯಾಸೆಟ್ಟುಗಳಲ್ಲಿರುತ್ತದೆ: 1985ರ ವಿಡಿಯೊ8, 1989ರ ಹೈ8, 1995ರ ಮಿನಿಡಿವಿ, 1999ರ ಡಿಜಿಟಲ್8. ಇವುಗಳಲ್ಲಿ ಮಿನಿಡಿವಿ ಮತ್ತು ಡಿಜಿಟಲ್8 ಆಗಲೇ ಡಿಜಿಟಲ್ ಆಗಿರುವುದರಿಂದ ಫೈರ್‌ವೈರ್ ಕೇಬಲ್ಲಿನಲ್ಲಿ ಇದ್ದದ್ದನ್ನು ಇದ್ದಂತೆ ಇಳಿಸಿಕೊಳ್ಳಬಹುದು, ನಷ್ಟವೇ ಇಲ್ಲ. ಇಂಥ ಕ್ಯಾಸೆಟ್ಟನ್ನೂ ಹಳದಿ-ಬಿಳಿ-ಕೆಂಪು ವೈರಿನಿಂದ ತೆಗೆದುಕೊಟ್ಟರೆ ಅದು ದುಡ್ಡು ಕೊಟ್ಟು ಮಾಡಿಸಿಕೊಂಡ ಹಾನಿ. ಡಿಜಿಟಲ್8 ಕ್ಯಾಮೆರಾಗಳಲ್ಲಿ ಕೆಲವು ಹಳೆಯ ಹೈ8 ಟೇಪನ್ನೂ ಓಡಿಸಿ ಡಿವಿ ರೂಪದಲ್ಲಿ ಹೊರಬಿಡುತ್ತವೆ. ಕೈಗೆ ಸಿಕ್ಕರೆ ಜೋಪಾನ ಮಾಡತಕ್ಕದ್ದು.

ಅಮೆರಿಕದಲ್ಲಿದ್ದ ಮಗನೋ ಮಗಳೋ ಕಳಿಸಿದ ಕ್ಯಾಸೆಟ್ಟು ಎನ್‌ಟಿಎಸ್‌ಸಿ ಪದ್ಧತಿಯದು: 525 ಗೆರೆ, ಸೆಕೆಂಡಿಗೆ 29.97 ಚೌಕಟ್ಟು, ಡಿಜಿಟಲ್ ಅಳತೆ 720×480. ಬರೀ ಪಾಲ್ ವಿಸಿಆರ್‌ನಲ್ಲಿ ಅದು ಸರಿಯಾಗಿ ಓಡದು. ಎರಡೂ ಪದ್ಧತಿ ಬಲ್ಲ ಯಂತ್ರ ಬೇಕು. ಅದನ್ನು 25 ಚೌಕಟ್ಟಿಗೆ ತಿರುಗಿಸುವ ಅಗತ್ಯ ಈಗ ಉಳಿದಿಲ್ಲ. ಇಂದಿನ ಟಿವಿ, ಫೋನುಗಳು ಎರಡು ವೇಗವನ್ನೂ ಓಡಿಸುತ್ತವೆ.

ವಿಸಿಡಿ ಮತ್ತು ಡಿವಿಡಿ

1993ರಲ್ಲಿ ರೂಪುಗೊಂಡ ವಿಸಿಡಿ 2000ದ ಸುಮಾರಿಗೆ ಬೆಂಗಳೂರಿನ ಮನೆಗಳನ್ನು ತುಂಬಿತು. ಅದರ ಚಿತ್ರ 352×288, ಎಂಪೆಗ್-1 ವಿಧಾನದಲ್ಲಿ ಸೆಕೆಂಡಿಗೆ 1,150 ಕಿಲೊಬಿಟ್. ಪಿಕ್ಸೆಲ್ ಲೆಕ್ಕದಲ್ಲಿ ಡಿವಿಡಿಯ ಕಾಲು ಭಾಗಕ್ಕೂ ಕಡಿಮೆ. ಆ ವರ್ಷಗಳಲ್ಲಿ ‘ಕ್ಯಾಸೆಟ್ ಹಾಳಾಗುತ್ತೆ, ಸಿಡಿಗೆ ಹಾಕಿಸಿಬಿಡಿ’ ಎಂಬ ಸಲಹೆ ಕೇಳಿ ಎಷ್ಟೋ ಮನೆಗಳು ವಿಎಚ್‌ಎಸ್ಸನ್ನು ವಿಸಿಡಿ ಮಾಡಿಸಿ ಕ್ಯಾಸೆಟ್ಟು ಎಸೆದವು. ವಿಸಿಡಿ ಎರಡು ಫೀಲ್ಡ್‌ಗಳಲ್ಲಿ ಒಂದನ್ನೇ ಉಳಿಸಿಕೊಳ್ಳುವುದರಿಂದ ಚಲನೆಯ ಅರ್ಧ ಅಲ್ಲೇ ಹೋಯಿತು. ಮಂಟಪದ ಹೂವಿನ ಅಲಂಕಾರ, ಸೀರೆಯ ಜರಿ, ಜನಸಂದಣಿಯಲ್ಲಿ ದೂರದ ಮುಖ ಇವೆಲ್ಲ ಚೌಕಳಿ ಚೌಕಳಿಯಾದವು. ಈಗಲೂ ಕ್ಯಾಸೆಟ್ಟು ಎಲ್ಲಾದರೂ ಉಳಿದಿದ್ದರೆ, ಬೀಗರ ಮನೆಯಲ್ಲೋ ಊರಿನ ಅಟ್ಟದಲ್ಲೋ ಇನ್ನೊಂದು ಪ್ರತಿ ಇದ್ದರೆ, ವಿಸಿಡಿಯನ್ನು ಬದಿಗಿಟ್ಟು ಅದನ್ನೇ ಹಿಡಿಯುವುದು ಲೇಸು.

ವಿಸಿಡಿಯೊಂದೇ ಉಳಿದಿದ್ದರೆ ಅದರ ‘ಎಂಪೆಗ್‌ಎವಿ’ ಫೋಲ್ಡರಿನಲ್ಲಿ ಡಿಎಟಿ ಎಂದು ಕೊನೆಗೊಳ್ಳುವ ಫೈಲಿರುತ್ತದೆ. ಒಳಗಿರುವುದು ಸಾಮಾನ್ಯ ಎಂಪೆಗ್-1. ವಿಎಲ್‌ಸಿಯಂಥ ಪ್ಲೇಯರ್‌ಗಳು ಅದನ್ನು ನೇರವಾಗಿ ಓಡಿಸುತ್ತವೆ, ಮತ್ತೆ ಸಂಕೋಚಿಸದೆ ಬೇರೆ ಕಂಟೇನರ್‌ಗೆ ಹಾಕಿಟ್ಟುಕೊಳ್ಳಬಹುದು. ಹೆಚ್ಚು ಹೊತ್ತಿನ ಚಿತ್ರ ಹಿಡಿಸಲೆಂದು ವಿಸಿಡಿಯಲ್ಲಿ ತಪ್ಪು ತಿದ್ದುವ ಮಾಹಿತಿಯನ್ನು ಕಡಿಮೆ ಮಾಡಿದ್ದಾರೆ, ಹಾಗಾಗಿ ಗೀರು ಬಿದ್ದರೆ ಸಾಮಾನ್ಯ ಸಿಡಿಗಿಂತ ಬೇಗ ಕೈಕೊಡುತ್ತದೆ. ಒಂದು ಡ್ರೈವಿನಲ್ಲಿ ಓದದ ಡಿಸ್ಕು ಇನ್ನೊಂದರಲ್ಲಿ ಓದುವುದುಂಟು. ಕೈಬಿಡುವ ಮೊದಲು ಎರಡು ಮೂರು ಡ್ರೈವುಗಳಲ್ಲಿ ನೋಡಬೇಕು.

ಡಿವಿಡಿಯಲ್ಲಿ 720×576 ಅಳತೆಯ ಎಂಪೆಗ್-2 ಚಿತ್ರ, ಒಂದು ಪದರದಲ್ಲಿ 4.7 ಗಿಗಾಬೈಟ್. ಚಿತ್ರವಿರುವ ವಿಒಬಿ ಫೈಲುಗಳು ಒಂದೊಂದು ಗಿಗಾಬೈಟಿನ ತುಂಡುಗಳಾಗಿರುವುದರಿಂದ ಬಿಡಿಬಿಡಿಯಾಗಿ ಪರಿವರ್ತಿಸದೆ ಸರಿಯಾದ ಕ್ರಮದಲ್ಲಿ ಜೋಡಿಸಬೇಕು. ಇಲ್ಲದಿದ್ದರೆ ಧಾರೆಯ ನಡುವೆಯೇ ಚಿತ್ರ ತುಂಡಾಗುತ್ತದೆ.

ಸ್ಟುಡಿಯೊದ ಮಿಕ್ಸಿಂಗ್ ಬಗ್ಗೆಯೂ ಒಂದು ಮಾತು. ಓಲಗ, ಮಂತ್ರ, ಹೆಂಗಸರ ಸೋಬಾನೆಯ ಹಾಡು, ಅಜ್ಜಿ ಯಾರನ್ನೋ ಕೂಗಿ ಕರೆದದ್ದು ಎಲ್ಲವನ್ನೂ ಅಳಿಸಿ ಮೇಲೆ ಸಿನಿಮಾ ಹಾಡು ಹಾಕುವುದು ಆಗಿನ ವಾಡಿಕೆ. ಅಳಿಸಿದ ದನಿ ಆ ಪ್ರತಿಯಿಂದ ಹಿಂದಿರುಗದು. ಯೂಟ್ಯೂಬಿಗೆ ಹಾಕಿದರೆ ಅಲ್ಲಿನ ಹಕ್ಕುಸ್ವಾಮ್ಯ ಗುರುತಿಸುವ ವ್ಯವಸ್ಥೆ ಆ ಹಾಡನ್ನು ಪತ್ತೆಹಚ್ಚಿ ದನಿಯನ್ನೇ ಮುಚ್ಚಿಬಿಡಲೂಬಹುದು. ಮಿಕ್ಸಿಂಗ್ ಆಗದ ಕ್ಯಾಮೆರಾ ಕ್ಯಾಸೆಟ್ಟು ಸ್ಟುಡಿಯೊದವರ ಬಳಿ ಉಳಿದಿದೆಯೇ ಎಂದು ಕೇಳಿ ನೋಡುವುದು ವ್ಯರ್ಥವಲ್ಲ.

ಫೋನಿನ ಕ್ಲಿಪ್ಪುಗಳು

ಕ್ಯಾಮೆರಾ ಫೋನುಗಳ ಮೊದಲ ವರ್ಷಗಳ 3ಜಿಪಿ ಕ್ಲಿಪ್ಪುಗಳು ಹೆಚ್ಚಾಗಿ 176×144 ಅಳತೆಯವು. ಅವುಗಳ ಎಎಂಆರ್ ಧ್ವನಿವಿಧಾನ ದೂರವಾಣಿಯ ಮಾತಿಗೆಂದೇ ಮಾಡಿದ್ದು, ಸೆಕೆಂಡಿಗೆ 8,000 ಮಾದರಿ ಮಾತ್ರ. ಮಗುವಿನ ತೊದಲು ಅದರಲ್ಲಿ ತಿಳಿಯುತ್ತದೆ, ನಾಗಸ್ವರ ಕೀರಲಾಗುತ್ತದೆ. ಇವನ್ನು ದೊಡ್ಡದು ಮಾಡಲು ಹೊರಡದೆ ಮೂಲ ಫೈಲನ್ನೇ ಕಾಪಾಡಿ, ನೋಡಲು ಒಂದು ಎಂಪಿ4 ಪ್ರತಿ ಮಾಡಿಕೊಂಡರೆ ಸಾಕು.

ಇಂದಿನ ಫೋನುಗಳ ತೊಂದರೆ ತದ್ವಿರುದ್ಧ. ಐಫೋನ್ 2017ರ ಐಒಎಸ್ 11ರಿಂದ ಎಚ್‌ಇವಿಸಿಯಲ್ಲಿ ಹಿಡಿಯುತ್ತದೆ. 4ಕೆ ಚಿತ್ರ, ಸೆಕೆಂಡಿಗೆ 30 ಚೌಕಟ್ಟು ಎಂದರೆ ನಿಮಿಷಕ್ಕೆ ಸುಮಾರು 170 ಮೆಗಾಬೈಟ್, ಅದೇ ಎಚ್.264ರಲ್ಲಿ 350. ಹಳೆಯ ಟಿವಿಗೆ ಎಚ್‌ಇವಿಸಿ ಗೊತ್ತಿಲ್ಲದ ಕಾರಣ ಪೆನ್‌ಡ್ರೈವ್ ಚುಚ್ಚಿದರೆ ದನಿ ಮಾತ್ರ ಬರುವುದೋ ಏನೂ ಬಾರದಿರುವುದೋ ಆಗುತ್ತದೆ. ಪೆನ್‌ಡ್ರೈವ್ ಎಫ್‌ಎಟಿ32 ಮಾದರಿಯದಾಗಿದ್ದರೆ 4 ಗಿಗಾಬೈಟ್ ಮೀರಿದ ಫೈಲು ಅದಕ್ಕೆ ಹೋಗುವುದೇ ಇಲ್ಲ. ಎಷ್ಟೋ ಸಲ ಜನ ರೆಸಲ್ಯೂಶನ್ ಇಳಿಸುವುದು ಈ ಕಾರಣಕ್ಕೆ, ಎಕ್ಸ್‌ಫ್ಯಾಟ್ ಮಾಡಿಕೊಂಡಿದ್ದರೆ ಮುಗಿಯುತ್ತಿತ್ತು. ಫೋನು ಬೆಳಕಿಗೆ ತಕ್ಕಂತೆ ಚೌಕಟ್ಟಿನ ವೇಗವನ್ನು ಏರಿಳಿಸುವುದರಿಂದ ಕೆಲವು ಎಡಿಟಿಂಗ್ ತಂತ್ರಾಂಶಗಳಲ್ಲಿ ದನಿ ಸರಿಯುತ್ತದೆ. ಮೊದಲು ಸ್ಥಿರ ವೇಗಕ್ಕೆ ತಂದುಕೊಳ್ಳಬೇಕು. ಬೆಳಕು ನೆರಳಿನ ಹೆಚ್ಚಿನ ವ್ಯಾಪ್ತಿಯನ್ನು ಹಿಡಿಯುವ ಎಚ್‌ಡಿಆರ್‌ನಲ್ಲಿ ಹಿಡಿದದ್ದನ್ನು ಬಣ್ಣದ ಲೆಕ್ಕ ನೋಡದೆ ಸಾಮಾನ್ಯ ವಿಡಿಯೊ ಮಾಡಿದರೆ ಅರಿಸಿನ ಕುಂಕುಮದ ಬಣ್ಣವೂ ಬೂದಿಯಂತಾಗುತ್ತದೆ.

ವಾಟ್ಸಾಪ್ ಮಾಡುವುದೂ ಪರಿವರ್ತನೆಯೇ. ಬಹುಕಾಲ ಅದರ ಮಿತಿ 16 ಮೆಗಾಬೈಟ್ ಇತ್ತು: ಮೂರು ನಿಮಿಷದ ಕ್ಲಿಪ್ಪಿಗೆ ಸೆಕೆಂಡಿಗೆ ಸುಮಾರು 700 ಕಿಲೊಬಿಟ್, ಅಂದರೆ ವಿಸಿಡಿಗಿಂತಲೂ ಕಡಿಮೆ. ಕುಟುಂಬದ ಗುಂಪಿನಿಂದ ಇಳಿಸಿಕೊಂಡ ವಿಡಿಯೊ ಒಂದೇ ಉಳಿದು, ಹಿಡಿದವರ ಫೋನು ಬದಲಾಗಿಹೋದ ಮನೆಗಳು ಅಸಂಖ್ಯ. ಹಿಡಿದವರಿಂದ ಮೂಲ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿಕೊಂಡರೆ ಅದು ಸಂಕೋಚನಗೊಳ್ಳದೆ ಬರುತ್ತದೆ.

ರೆಸಲ್ಯೂಶನ್ ಏರಿಸುವುದು, ಇಳಿಸುವುದು

ವಿಸಿಡಿಯ ಒಂದು ಚೌಕಟ್ಟಿನಲ್ಲಿ ಸುಮಾರು 1 ಲಕ್ಷ ಪಿಕ್ಸೆಲ್, ಡಿವಿಡಿಯಲ್ಲಿ 4.1 ಲಕ್ಷ, ಫುಲ್ ಎಚ್‌ಡಿಯಲ್ಲಿ 20.7 ಲಕ್ಷ, 4ಕೆಯಲ್ಲಿ 83 ಲಕ್ಷ. ಇಳಿಸುವಾಗ ವಿವರ ಹೋಗುತ್ತದೆ. ಏರಿಸುವಾಗ ಬರುವುದಿಲ್ಲ, ಇದ್ದ ಪಿಕ್ಸೆಲ್‌ಗಳ ನಡುವೆ ಅಂದಾಜಿನವು ತುಂಬಿಕೊಳ್ಳುತ್ತವೆ. ಏರಿಸುವುದಕ್ಕೂ ನ್ಯಾಯವಾದ ಸಂದರ್ಭಗಳಿವೆ. ಹಳೆಯ ಕ್ಯಾಸೆಟ್ಟಿನ ಭಾಗವನ್ನು ಹೊಸ ವಿಡಿಯೊದ ಜೊತೆ ಒಂದೇ ಚಿತ್ರವಾಗಿ ಎಡಿಟ್ ಮಾಡುವಾಗ, ಅಥವಾ ಯೂಟ್ಯೂಬಿನವರು ಚಿಕ್ಕ ಅಳತೆಯ ವಿಡಿಯೊವನ್ನು ಹೆಚ್ಚು ಹಿಂಡುವುದರಿಂದ ಅಲ್ಲಿಗೆ ಹಾಕುವ ಮೊದಲು ಅದು ಬೇಕಾಗುತ್ತದೆ. ಈಗ ಪ್ರಚಾರದಲ್ಲಿರುವ ಕೃತಕ ಬುದ್ಧಿಮತ್ತೆಯ ಹಿಗ್ಗಿಸುವಿಕೆಯ ವಿಷಯ ಬೇರೆ. ಅದು ತಾನು ಕಲಿತ ಸಾವಿರಾರು ಮುಖಗಳಿಂದ ಕಣ್ಣು, ಹಲ್ಲು, ಚರ್ಮವನ್ನು ಊಹಿಸಿ ಬರೆಯುತ್ತದೆ. ತೀರಿಹೋದ ತಾತನ ಮುಖವಿರುವ ಹತ್ತು ಸೆಕೆಂಡಿಗೆ ಅದನ್ನು ಹಚ್ಚಿದಾಗ ತೆರೆಯ ಮೇಲೆ ಮೂಡುವುದು ಯಾರೋ ಇನ್ನೊಬ್ಬರ ಚೂಪಾದ ಮುಖ. ಬೇಕೆನಿಸಿದವರು ಮಾಡಿಕೊಳ್ಳಲಿ, ಆದರೆ ಅದನ್ನು ಮೂಲದ ಜಾಗದಲ್ಲಿ ಇಡಬಾರದು.

ಮನೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಆಕಾರದ್ದು. ಹಳೆಯ ಚಿತ್ರದ ಅಗಲ ಎತ್ತರ 4:3, ಇಂದಿನ ಟಿವಿ 16:9. ಜೊತೆಗೆ ಪಾಲ್‌ನ ಪಿಕ್ಸೆಲ್ ಚಚ್ಚೌಕವಲ್ಲ; 720×576ರ ಚಿತ್ರವನ್ನು 768×576 ಆಗಿ ತೋರಿಸಿದಾಗಲೇ ಸರಿಯಾದ ಆಕಾರ. ಪರದೆ ತುಂಬಲಿ ಎಂದು ಎಳೆದರೆ ವಧೂವರರು ಕುಳ್ಳಾಗಿ ದಪ್ಪಗಾಗುತ್ತಾರೆ, ಮೇಲೆ ಕೆಳಗೆ ಕತ್ತರಿಸಿದರೆ ಬಾಸಿಂಗವೋ ಪಾದಪೂಜೆಯೋ ಹೋಗುತ್ತದೆ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಇರಲಿ. ಅದು ದೋಷವಲ್ಲ.

ತಂತ್ರಾಂಶ, ಅಂಗಡಿ

ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಈ ಕ್ಷೇತ್ರದ ಬೆನ್ನೆಲುಬು. ಅದರ ಮೇಲೆ ನಿಂತಿರುವ ಹ್ಯಾಂಡ್‌ಬ್ರೇಕ್ ಕಮಾಂಡು ಟೈಪ್ ಮಾಡಲು ಬಾರದವರಿಗೂ ಅನುಕೂಲ. ಎರಡೂ ಉಚಿತ. ಎಚ್.264ಕ್ಕೆ ಗುಣಮಟ್ಟದ ಅಂಕಿ 0ಯಿಂದ 51ರವರೆಗೆ ಇದೆ, ಕಡಿಮೆಯಾದಷ್ಟೂ ಒಳ್ಳೆಯದು. 23 ಎಂಬುದು ಎಫ್‌ಎಫ್‌ಎಂಪೆಗ್ ತಾನಾಗಿ ಹಿಡಿಯುವ ಮಟ್ಟ. ಮನೆಯ ನೆನಪುಗಳಿಗೆ 18ರ ಆಸುಪಾಸು ಇಟ್ಟುಕೊಳ್ಳುವುದು ಒಳ್ಳೆಯದು. ಆರು ಅಂಕ ಏರಿಸಿದರೆ ಫೈಲು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎಚ್.265ರಲ್ಲಿ ಜಾಗ ಉಳಿಯುತ್ತದೆ, ಆದರೆ ಪರಿವರ್ತನೆ ನಿಧಾನ, ಹಳೆಯ ಸಾಧನಗಳಲ್ಲಿ ಓಡದು. ಜಾಲದಲ್ಲಿ ಫೈಲು ಏರಿಸಿ ಪರಿವರ್ತಿಸಿಕೊಡುವ ಉಚಿತ ತಾಣಗಳಿಂದ ದೂರವಿರುವುದು ಕ್ಷೇಮ: ಮಕ್ಕಳ ಸ್ನಾನ, ಮನೆಯ ಒಳಕೋಣೆ, ಒಡವೆ ತೊಟ್ಟ ಹೆಂಗಸರು ಇರುವ ವಿಡಿಯೊ ಯಾರ ಯಂತ್ರದಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ಕಳಿಸಿದವರ ಕೈಯಲ್ಲಿರುವುದಿಲ್ಲ.

ಅಂಗಡಿಗೆ ಕೊಡುವವರು ದರದ ಜೊತೆಗೆ ಕೆಲವು ಪ್ರಶ್ನೆ ಕೇಳಬೇಕು. ಯಾವ ಕೋಡೆಕ್ಕಿನಲ್ಲಿ ಎಷ್ಟು ಬಿಟ್‌ರೇಟಿನಲ್ಲಿ ಕೊಡುತ್ತೀರಿ, ಕ್ಯಾಪ್ಚರ್ ಮಾಡಿದ ದೊಡ್ಡ ಫೈಲನ್ನೂ ನಮ್ಮ ಹಾರ್ಡ್‌ಡಿಸ್ಕಿಗೆ ಹಾಕಿಕೊಡುತ್ತೀರಾ, ನಿಮ್ಮ ಲೋಗೊ ಹಾಕದೆ ಕೊಡುತ್ತೀರಾ, ಕ್ಯಾಸೆಟ್ಟು ವಾಪಸು ಬರುತ್ತದೆಯೇ. ಕೆಲಸ ಬಲ್ಲವರು ಇದಕ್ಕೆಲ್ಲ ಸಂತೋಷದಿಂದ ಉತ್ತರ ಕೊಡುತ್ತಾರೆ.

ವಿಡಿಯೊದೊಳಗೆ ಕನ್ನಡ ಅಕ್ಷರ ಸೇರಿಸುವಾಗ, ಅಂದರೆ ಅಜ್ಜಿಯ ಹಾಡಿಗೆ ಸಾಲು ಕೊಡುವಾಗ, ಯಾರು ಯಾರೆಂದು ಹೆಸರು ಬರೆಯುವಾಗ, ಒತ್ತಕ್ಷರ ಬಿಡಿಬಿಡಿಯಾಗಿ ಒಡೆಯುವ ಸಮಸ್ಯೆ ಹಳೆಯ ತಂತ್ರಾಂಶಗಳಲ್ಲಿದೆ. ಪಠ್ಯವನ್ನು ಯೂನಿಕೋಡಿನಲ್ಲಿ ಬರೆದು, ನೋಟೊ ಸಾನ್ಸ್ ಕನ್ನಡದಂಥ ಫಾಂಟು ಆರಿಸಿ, ಎಫ್‌ಎಫ್‌ಎಂಪೆಗ್‌ನ ಸಬ್‌ಟೈಟಲ್ ವ್ಯವಸ್ಥೆಯ ಮೂಲಕ ಅಚ್ಚೊತ್ತಿದರೆ ಅಕ್ಷರ ಸರಿಯಾಗಿ ಕೂಡಿಕೊಳ್ಳುತ್ತದೆ. ಅಚ್ಚೊತ್ತದೆ ಬೇರೆ ಫೈಲಾಗಿ ಇಟ್ಟರೆ ಮುಂದೆ ತಿದ್ದಲೂ ಬರುತ್ತದೆ.

ಮನೆಯ ವಿಡಿಯೊದಲ್ಲಿ ಊರಿನ ಸ್ವತ್ತೂ ಇರುತ್ತದೆ. ಮೂವತ್ತು ವರ್ಷದ ಹಿಂದಿನ ಜಾತ್ರೆ, ಈಗ ಅಗಲವಾದ ರಸ್ತೆ, ಬಯಲಾಟ, ಸೋಬಾನೆ ಪದ ಯಾರದೋ ಮದುವೆ ಕ್ಯಾಸೆಟ್ಟಿನ ಹಿನ್ನೆಲೆಯಲ್ಲಿ ಕಾಣುತ್ತವೆ. ಅಂಥ ಭಾಗವನ್ನು, ಅದರಲ್ಲಿ ಕಾಣುವವರ ಒಪ್ಪಿಗೆ ಪಡೆದು, ಕನ್ನಡ ವಿಕಿಪೀಡಿಯ ಬಳಸುವ ವಿಕಿಮೀಡಿಯ ಕಾಮನ್ಸ್‌ಗೆ ಮುಕ್ತ ಪರವಾನಗಿಯಲ್ಲಿ ಕೊಡಬಹುದು. ಕಾಮನ್ಸ್ ಎಂಪಿ4 ಫೈಲನ್ನು ತೆಗೆದುಕೊಳ್ಳುವುದಿಲ್ಲ. ವೆಬ್‌ಎಂ ಮಾದರಿಗೆ ಪರಿವರ್ತಿಸಿ ಕೊಡಬೇಕು. ಅದನ್ನು ಹಂಚಿದ ಎಂಪಿ4ರಿಂದ ಮಾಡದೆ ಕ್ಯಾಪ್ಚರ್ ಮಾಡಿಟ್ಟ ಮೂಲಪ್ರತಿಯಿಂದಲೇ ಮಾಡಬೇಕು.